ಬಣ್ಣದ ಗಡಿಯಾರ ಮತ್ತು ಏಳು ನಿಮಿಷ

1940ರಲ್ಲಿ ಬ್ರಿಟಿಷ್ ವಾಯುಪಡೆಯ ಕಾರ್ಯಾಚರಣೆ ಕೊಠಡಿಗಳ ಗೋಡೆಯ ಮೇಲೆ ಒಂದು ವಿಚಿತ್ರ ಗಡಿಯಾರ ಇರುತ್ತಿತ್ತು. ಮುಳ್ಳು, ಅಂಕಿ ಎಲ್ಲಾ ನಮ್ಮ ಮನೆ ಗಡಿಯಾರದ ಹಾಗೇ. ಆದರೆ ಐದೈದು ನಿಮಿಷದ ಪ್ರತಿ ಭಾಗಕ್ಕೂ ಒಂದೊಂದು ಬಣ್ಣ. ಕೆಂಪು, ಹಳದಿ, ನೀಲಿ, ಮತ್ತೆ ಕೆಂಪು, ಹಳದಿ, ನೀಲಿ... ಫೋಟೋ ನೋಡಿದರೆ ಶಿಶುವಿಹಾರದ ಗೋಡೆಗೆ ಮಾಡಿಸಿದ್ದೇನೋ ಅನ್ನಿಸುತ್ತದೆ. ಎರಡನೇ ಮಹಾಯುದ್ಧದ ಜಾಣ ಸಾಧನಗಳಲ್ಲಿ ಅದೂ ಒಂದು ಅಂತ ನನ್ನ ಅಭಿಪ್ರಾಯ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಬೇರೆ ಬೇರೆ ಊರುಗಳಲ್ಲಿ ಕೂತವರೆಲ್ಲ ಒಂದೇ ಚಿತ್ರ ನೋಡುತ್ತಾ ಯುದ್ಧ ನಡೆಸಿದ ಕಥೆ ಅದರ ಹಿಂದಿದೆ. 48 ವರ್ಷಗಳ ನಂತರ, ಕಂಪ್ಯೂಟರ್‌ಗಳೇ ತುಂಬಿದ್ದ ಇನ್ನೊಂದು ಕೊಠಡಿಯಲ್ಲಿ ನಡೆದದ್ದನ್ನೂ ಇದರ ಜೊತೆಗಿಟ್ಟು ಓದಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸ್ವಲ್ಪ ಹಿನ್ನೆಲೆ. 1936ರಲ್ಲಿ ಬ್ರಿಟನ್ ತನ್ನ ಯುದ್ಧವಿಮಾನಗಳಿಗಾಗಿ ಫೈಟರ್ ಕಮಾಂಡ್ ಎಂಬ ಪ್ರತ್ಯೇಕ ವಿಭಾಗ ಮಾಡಿತು. ಅದರ ಮೊದಲ ಮುಖ್ಯಸ್ಥ ಹ್ಯೂ ಡೌಡಿಂಗ್. ಲಂಡನ್ನಿನ ಉತ್ತರದಲ್ಲಿರುವ ಬೆಂಟ್ಲಿ ಪ್ರಯರಿ ಎಂಬ ಹಳೆಯ ಬಂಗಲೆ ಅವರ ಕೇಂದ್ರ ಕಚೇರಿ. ಅದರ ಹಿಂದಿನ ವರ್ಷವಷ್ಟೇ ರಾಬರ್ಟ್ ವಾಟ್ಸನ್-ವಾಟ್, ರೇಡಿಯೋ ಅಲೆಗಳಿಂದ ವಿಮಾನವನ್ನು ಪತ್ತೆ ಮಾಡಬಹುದೆಂದು ತೋರಿಸಿದ್ದರು. ಯುದ್ಧ ಶುರುವಾಗುವ ಹೊತ್ತಿಗೆ ಕರಾವಳಿಯಲ್ಲಿ 'ಚೈನ್ ಹೋಮ್' ಎಂಬ ರೇಡಾರ್ ಗೋಪುರಗಳ ಸಾಲು ಎದ್ದು ನಿಂತಿತ್ತು.

ರೇಡಾರ್ ಬಂತು, ಬ್ರಿಟನ್ ಉಳಿಯಿತು ಅಂತ ಶಾಲೆಯ ಪುಸ್ತಕಗಳು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತವೆ. ಆದರೆ ಆಗ ಜರ್ಮನಿಯ ಬಳಿಯೂ ರೇಡಾರ್ ಇತ್ತು, ಕೆಲವು ವಿಷಯಗಳಲ್ಲಿ ಬ್ರಿಟನ್ನಿನದಕ್ಕಿಂತ ಚೆನ್ನಾಗಿಯೇ ಇತ್ತು. ಡೌಡಿಂಗ್ ಅವರ ತಲೆನೋವು ಬೇರೆ. ಒಂದೇ ವಿಮಾನಗಳ ಗುಂಪನ್ನು ಮೂರು ಗೋಪುರಗಳು ನೋಡಿ ಮೂರು ಬೇರೆ ಜಾಗ ಹೇಳುತ್ತಿದ್ದವು. ಒಬ್ಬರು ಹನ್ನೆರಡು ವಿಮಾನ ಎಂದರೆ ಇನ್ನೊಬ್ಬರು ಮೂವತ್ತು ಎನ್ನುವುದು. ಎತ್ತರದ ಲೆಕ್ಕವಂತೂ ದೇವರಿಗೇ ಪ್ರೀತಿ. ಅದೂ ಅಲ್ಲದೆ ರೇಡಾರ್‌ಗಳು ಸಮುದ್ರದ ಕಡೆ ಮುಖ ಮಾಡಿದ್ದವು. ವಿಮಾನ ತೀರ ದಾಟಿ ಒಳಗೆ ಬಂದರೆ ದುರ್ಬೀನು ಹಿಡಿದು ನಿಂತ 'ಅಬ್ಸರ್ವರ್ ಕೋರ್' ಎಂಬ ಸ್ವಯಂಸೇವಕರೇ ಗತಿ. ಇಷ್ಟನ್ನೂ ಹಾಗೇ ತಂದು ಸೇನಾಧಿಕಾರಿಯ ಮುಂದೆ ಸುರಿದರೆ ಆತ ಏನು ತೀರ್ಮಾನ ಮಾಡಬೇಕು, ಹೇಳಿ?

ಅದಕ್ಕೇ ಬೆಂಟ್ಲಿ ಪ್ರಯರಿಯಲ್ಲಿ 'ಫಿಲ್ಟರ್ ರೂಮ್' ಹುಟ್ಟಿತು. ಫಿಲ್ಟರ್ ಅಂದ ಕೂಡಲೇ ನಮಗೆ ಕಾಫಿ ನೆನಪಾಗುತ್ತದೆ. ಕೆಲಸವೂ ಹೆಚ್ಚುಕಡಿಮೆ ಅದೇ, ಚರಟ ಮೇಲೆ ಉಳಿಸಿಕೊಂಡು ಡಿಕಾಕ್ಷನ್ ಮಾತ್ರ ಕೆಳಗೆ ಬಿಡುವುದು :-) ರೇಡಾರ್ ವರದಿಗಳೆಲ್ಲ ಮೊದಲು ಈ ಕೋಣೆಗೆ ಬರಬೇಕು. ಅಲ್ಲಿದ್ದವರು ಯಾವ ಗೋಪುರ ಯಾವುದರಲ್ಲಿ ತಪ್ಪುತ್ತದೆ ಎಂಬುದನ್ನು ಬಲ್ಲವರು. ಮೂರು ವರದಿಗಳನ್ನು ತೂಗಿ ನೋಡಿ, 'ಇದು ಒಂದೇ ಗುಂಪು, ಇಲ್ಲಿದೆ, ಈ ಕಡೆ ಹೊರಟಿದೆ' ಎಂದು ನಿರ್ಧರಿಸಿ ಅದಕ್ಕೊಂದು ಸಂಖ್ಯೆ ಕೊಡುತ್ತಿದ್ದರು. ಆ ಸುದ್ದಿ ಫೋನಿನಲ್ಲಿ ಕಮಾಂಡ್, ಗ್ರೂಪ್, ಸೆಕ್ಟರ್ ಕೊಠಡಿಗಳಿಗೆ ಹೋಗುತ್ತಿತ್ತು. ಎಲ್ಲ ಕಡೆಯೂ ದೊಡ್ಡ ಮೇಜಿನ ಮೇಲೆ ನಕ್ಷೆ. ಮಹಿಳಾ ಸಹಾಯಕ ದಳದ ಹುಡುಗಿಯರು ಹೆಡ್‌ಫೋನ್ ಹಾಕಿಕೊಂಡು, ಕೇಳಿದ್ದನ್ನು ಉದ್ದ ಕೋಲುಗಳಿಂದ ನಕ್ಷೆಯ ಮೇಲೆ ಇಡುತ್ತಿದ್ದರು. ಆಗ್ನೇಯ ಇಂಗ್ಲೆಂಡಿನ ಹೊಣೆ ಹೊತ್ತಿದ್ದ 11ನೇ ಗ್ರೂಪಿನ ಅಂಥ ಕೊಠಡಿ ಅಕ್ಸ್‌ಬ್ರಿಜ್ ಎಂಬಲ್ಲಿ ನೆಲದಡಿಯಲ್ಲಿತ್ತು. ಅದರ ಮುಖ್ಯಸ್ಥ ಕೀತ್ ಪಾರ್ಕ್. ಯಾವ ಸ್ಕ್ವಾಡ್ರನ್ ಹೋಗಬೇಕು ಎನ್ನುವುದು ಗ್ರೂಪಿನ ತೀರ್ಮಾನ. ಆಕಾಶದಲ್ಲಿ ಅವರಿಗೆ ದಾರಿ ತೋರಿಸುವುದು ಸೆಕ್ಟರ್ ಕೆಲಸ. ಎದುರಿನ ಗೋಡೆಯಲ್ಲಿ ದೀಪಗಳ ಹಲಗೆ. ಯಾವ ಸ್ಕ್ವಾಡ್ರನ್ ಸಿದ್ಧವಿದೆ, ಯಾವುದು ಹಾರಿದೆ, ಯಾವುದಕ್ಕೆ ಶತ್ರು ಕಂಡಿದ್ದಾನೆ, ಯಾವುದು ಇಳಿದು ಪೆಟ್ರೋಲ್ ತುಂಬಿಸಿಕೊಳ್ಳುತ್ತಿದೆ ಎಲ್ಲ ಒಂದೇ ನೋಟಕ್ಕೆ. 1940ರ ಸೆಪ್ಟೆಂಬರ್ 15ರಂದು ಪ್ರಧಾನಿ ಚರ್ಚಿಲ್ ಇದೇ ಕೊಠಡಿಯಲ್ಲಿ ಕೂತಿದ್ದರು. ದೀಪಗಳನ್ನು ನೋಡಿ, ಮೀಸಲು ಎಷ್ಟಿದೆ ಎಂದು ಕೇಳಿದಾಗ ಪಾರ್ಕ್ ಒಂದೂ ಇಲ್ಲ ಎಂದರಂತೆ. ಈ ಪ್ರಸಂಗವನ್ನು ಚರ್ಚಿಲ್ಲೇ ಬರೆದಿಟ್ಟಿದ್ದಾರೆ.

ಈಗ ಗಡಿಯಾರಕ್ಕೆ ಬನ್ನಿ. ಸುದ್ದಿ ಬಂದಾಗ ನಿಮಿಷದ ಮುಳ್ಳು ಯಾವ ಬಣ್ಣದ ಮೇಲಿದೆಯೋ ಅದೇ ಬಣ್ಣದ ಬಾಣವನ್ನು ಮೇಜಿನ ಮೇಲೆ ಇಡಬೇಕು. ಇಷ್ಟೇ ನಿಯಮ. ಮಾಳಿಗೆಯಲ್ಲಿ ಕೂತ ಅಧಿಕಾರಿ ಗಡಿಯಾರ ನೋಡಿದ, ಮುಳ್ಳು ನೀಲಿಯಲ್ಲಿದೆ. ಮೇಜಿನ ಮೇಲೆ ಹಳದಿ ಬಾಣ ಕಂಡರೆ ಆ ಸುದ್ದಿ ಹಳೆಯದು, ಅಷ್ಟು ಹೊತ್ತಿನಲ್ಲಿ ವಿಮಾನ ಎಲ್ಲೋ ಮುಂದೆ ಹೋಗಿರುತ್ತದೆ. ಹದಿನೈದು ನಿಮಿಷಕ್ಕೆ ಅದೇ ಬಣ್ಣ ಮರಳಿ ಬರುವುದರಿಂದ ಅದಕ್ಕೆ ಮೊದಲೇ ಹಳೆಯ ಬಾಣಗಳನ್ನು ತೆಗೆಯಲೇಬೇಕು. ಬಾಣಗಳ ಸಾಲು ನೋಡಿದರೆ ದಿಕ್ಕೂ ಗೊತ್ತಾಗುತ್ತದೆ. ಯಾರನ್ನೂ ಕೇಳಬೇಕಾಗಿಲ್ಲ, ಲೆಕ್ಕ ಹಾಕಬೇಕಾಗಿಲ್ಲ.

ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಮೇಜಿನ ಮೇಲಿನ ಬಿಲ್ಲೆಗಳಲ್ಲಿ ಶತ್ರುವಿಗೆ ಒಂದು ಅಕ್ಷರ, ಮಿತ್ರನಿಗೆ ಒಂದು. ಯಾರೆಂದು ಗೊತ್ತಿಲ್ಲದಿದ್ದರೆ 'ಎಕ್ಸ್'. ಅಂದರೆ 'ಇನ್ನೂ ಗೊತ್ತಿಲ್ಲ' ಎನ್ನುವುದಕ್ಕೂ ಆ ಮೇಜಿನ ಮೇಲೆ ಒಂದು ಜಾಗ ಇತ್ತು.

ಇದೇನೂ ಒಂದೇ ಏಟಿಗೆ ಸರಿಯಾದ ವ್ಯವಸ್ಥೆಯಲ್ಲ. 1939ರ ಸೆಪ್ಟೆಂಬರ್ 6ರಂದು, ಯುದ್ಧ ಶುರುವಾಗಿ ಮೂರೇ ದಿನಕ್ಕೆ, ತಮ್ಮದೇ ವಿಮಾನಗಳು ಮೇಜಿನ ಮೇಲೆ ಶತ್ರುಗಳಾಗಿ ಕಂಡವು. ಅವುಗಳನ್ನು ತಡೆಯಲು ಹಾರಿದವರೂ ಶತ್ರುಗಳ ಲೆಕ್ಕಕ್ಕೇ ಸೇರಿದರು. ಕೊನೆಗೆ ಬ್ರಿಟಿಷ್ ಸ್ಪಿಟ್‌ಫೈರ್‌ಗಳು ಬ್ರಿಟಿಷರದೇ ಎರಡು ಹರಿಕೇನ್‌ಗಳನ್ನು ಹೊಡೆದುರುಳಿಸಿದವು, ಒಬ್ಬ ಪೈಲಟ್ ಸತ್ತ. 'ಬಾರ್ಕಿಂಗ್ ಕ್ರೀಕ್ ಕದನ' ಅಂತ ಈಗಲೂ ವ್ಯಂಗ್ಯವಾಗಿ ಕರೆಯುತ್ತಾರೆ. ವಿಮಾನಗಳ ಗುರುತು ಪತ್ತೆಯ ಕೆಲಸ ಎಷ್ಟು ತುರ್ತಿನದು ಅಂತ ಎಲ್ಲರಿಗೂ ಅರ್ಥವಾದದ್ದು ಆಗಲೇ.

ಈಗ ಪರ್ಷಿಯನ್ ಕೊಲ್ಲಿಗೆ ಬನ್ನಿ. 1988ರ ಜುಲೈ 3, ಭಾನುವಾರ ಬೆಳಿಗ್ಗೆ. ಅಮೆರಿಕದ ಯುದ್ಧನೌಕೆ ವಿನ್ಸೆನ್ಸ್ ಇರಾನಿನ ಸಣ್ಣ ದೋಣಿಗಳ ಜೊತೆ ಗುಂಡಿನ ಕಾಳಗದಲ್ಲಿತ್ತು. ಹಡಗಿನಲ್ಲಿ ಇದ್ದದ್ದು 'ಏಜಿಸ್' ಎಂಬ ವ್ಯವಸ್ಥೆ, ಆ ಕಾಲಕ್ಕೆ ಜಗತ್ತಿನ ಅತ್ಯಾಧುನಿಕ ರೇಡಾರ್ ಮತ್ತು ಕಂಪ್ಯೂಟರ್‌ಗಳು. ಅದೇ ಹೊತ್ತಿಗೆ ಬಂದರ್ ಅಬ್ಬಾಸ್‌ನಿಂದ ದುಬೈಗೆ ಇರಾನ್ ಏರ್ 655 ಹೊರಟಿತು. ಏರ್‌ಬಸ್ ಎ300, ಒಳಗೆ 290 ಜನ, ಅವರಲ್ಲಿ 66 ಮಕ್ಕಳು. ಹತ್ತು ಮಂದಿ ಭಾರತೀಯರೂ ಇದ್ದರು. ಆ ವಿಮಾನ ನಿಲ್ದಾಣವನ್ನು ಇರಾನಿನ ವಾಯುಪಡೆಯೂ ಬಳಸುತ್ತಿತ್ತು. ವಿಮಾನ ನೆಲ ಬಿಟ್ಟ ಸುಮಾರು ಏಳು ನಿಮಿಷಕ್ಕೆ ವಿನ್ಸೆನ್ಸ್ ಎರಡು ಕ್ಷಿಪಣಿ ಹಾರಿಸಿತು. ಒಬ್ಬರೂ ಬದುಕಲಿಲ್ಲ.

ಹಡಗಿನವರು ಅದನ್ನು ಎಫ್-14 ಯುದ್ಧವಿಮಾನ ಅಂದುಕೊಂಡಿದ್ದರು. ತಮ್ಮತ್ತ ಇಳಿಯುತ್ತಾ ಬರುತ್ತಿದೆ ಎಂದು ಕೊಠಡಿಯಲ್ಲಿ ಕೂಗು ಎದ್ದಿತು. ಆದರೆ ವಿಮಾನ ಇಳಿಯುತ್ತಿರಲಿಲ್ಲ, ಏರುತ್ತಿತ್ತು! ಅದನ್ನು ಹೇಳಿದ್ದು ಹಡಗಿನದೇ ಕಂಪ್ಯೂಟರ್ ದಾಖಲೆ. ಯಂತ್ರಕ್ಕೆ ಸತ್ಯ ಗೊತ್ತಿತ್ತು, ಕೊಠಡಿಗೆ ಗೊತ್ತಿರಲಿಲ್ಲ.

ಹೇಗೆ? ಗೋಡೆಯ ದೊಡ್ಡ ಪರದೆಗಳಲ್ಲಿ ವಿಮಾನದ ಗುರುತು, ದಿಕ್ಕು, ವೇಗ ಇದ್ದವು, ಎತ್ತರ ಇರಲಿಲ್ಲ. ಅದನ್ನು ಬೇರೊಂದು ಚಿಕ್ಕ ಪರದೆಯಲ್ಲಿ ಅಂಕಿಗಳಾಗಿ ಓದಬೇಕಿತ್ತು. ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಅದೂ ತೋರಿಸುತ್ತಿರಲಿಲ್ಲ. ಈಗಿನ ಅಂಕಿ, ಆಮೇಲಿನ ಅಂಕಿ ನೆನಪಿಟ್ಟುಕೊಂಡು ಮನಸ್ಸಿನಲ್ಲೇ ಕಳೆಯಬೇಕು. ಹೊರಗೆ ಫಿರಂಗಿ ಸದ್ದು, ಕಿವಿಯಲ್ಲಿ ನಾಲ್ಕು ಜನರ ದನಿ. ಸಾಲದ್ದಕ್ಕೆ ವಿಮಾನಕ್ಕೆ ಕೊಟ್ಟಿದ್ದ 4474 ಎಂಬ ಸಂಖ್ಯೆ ಮಧ್ಯದಲ್ಲೇ ಬದಲಾಗಿ 4131 ಆಯಿತು. ಪಕ್ಕದ ಹಡಗು ಸೈಡ್ಸ್ ಕೊಟ್ಟಿದ್ದ ಸಂಖ್ಯೆ ಅದು. ಖಾಲಿಯಾದ 4474 ಬಹಳ ದೂರದಲ್ಲಿದ್ದ ಬೇರೊಂದು ವಿಮಾನಕ್ಕೆ ಹೋಯಿತು. ಹಳೆಯ ಸಂಖ್ಯೆ ಕೇಳಿದವರಿಗೆ ಆ ಇನ್ನೊಂದು ವಿಮಾನದ ಉತ್ತರ ಸಿಕ್ಕಿರಬಹುದು ಎಂದು ನಂತರ ವಿಶ್ಲೇಷಿಸಿದ ಕೆಲವರು ಹೇಳುತ್ತಾರೆ.

ಪರದೆಯೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಹಿಂದಿನ ವರ್ಷ ಇದೇ ಕೊಲ್ಲಿಯಲ್ಲಿ ಸ್ಟಾರ್ಕ್ ಎಂಬ ಅಮೆರಿಕದ ಹಡಗಿಗೆ ಇರಾಕಿ ಕ್ಷಿಪಣಿಗಳು ಬಡಿದು 37 ಜನ ಸತ್ತಿದ್ದರು, ಆ ಭಯ ಇತ್ತು. ಕ್ಯಾಪ್ಟನ್ ವಿಲಿಯಂ ರಾಜರ್ಸ್ ದೋಣಿಗಳ ಬೆನ್ನು ಹತ್ತಿದ್ದು ಸರಿಯೇ ಎಂಬ ವಾದ ಇನ್ನೂ ಮುಗಿದಿಲ್ಲ. ಅದೇ ವಿಮಾನವನ್ನು ನೋಡಿದ ಸೈಡ್ಸ್ ಕಮಾಂಡರ್ ಡೇವಿಡ್ ಕಾರ್ಲ್ಸನ್ ಇದರಿಂದ ಅಪಾಯವಿಲ್ಲ ಅಂದುಕೊಂಡಿದ್ದರು. ಅಮೆರಿಕದ ನೌಕಾಪಡೆಯ ತನಿಖೆ ಮಾತ್ರ ಏಜಿಸ್ ವಿನ್ಯಾಸ ಮಾಡಿದಂತೆಯೇ ಕೆಲಸ ಮಾಡಿತು ಎಂದಿತು. ನನ್ನಂಥ ಸಾಫ್ಟ್‌ವೇರಿನವನಿಗೆ ನಿದ್ದೆ ಕೆಡಿಸುವ ಮಾತು ಅದು. ಎಲ್ಲ ಟೆಸ್ಟ್ ಪಾಸ್, ಬಗ್ ಒಂದೂ ಇಲ್ಲ, 290 ಜನ ಇಲ್ಲ.

ಆಮೇಲೆ ನೌಕಾಪಡೆ 1990ರಲ್ಲಿ 'ಟಾಡ್ಮಸ್' ಎಂಬ ದೊಡ್ಡ ಸಂಶೋಧನೆ ಶುರು ಮಾಡಿತು. ಒತ್ತಡದಲ್ಲಿ ತಂಡಗಳು ಹೇಗೆ ತೀರ್ಮಾನ ಮಾಡುತ್ತವೆ ಎಂಬುದೇ ವಿಷಯ. ಮನಶ್ಶಾಸ್ತ್ರಜ್ಞರು ನೌಕಾಧಿಕಾರಿಗಳ ಜೊತೆ ಕೂತು ಹೊಸ ಪರದೆಯ ಮಾದರಿ ಮಾಡಿದರು. ಅದರಲ್ಲಿ ವಿಮಾನ ಬಂದ ದಾರಿ, ಎತ್ತರದ ಏರಿಳಿತ ಚಿತ್ರವಾಗಿ ಕಾಣುತ್ತಿತ್ತು. ಇದು ಶತ್ರು ಎನ್ನಲು ಇರುವ ಆಧಾರಗಳು ಒಂದು ಕಡೆ, ಅಲ್ಲ ಎನ್ನಲು ಇರುವವು ಇನ್ನೊಂದು ಕಡೆ, ಬರೀ ಊಹೆ ಯಾವುದು ಎಂಬುದು ಬೇರೆ.

ಓದುತ್ತಾ ಹೋದಾಗ ನನಗೆ ನೆನಪಾದದ್ದು ಆ ಬಣ್ಣದ ಬಾಣಗಳು ಮತ್ತು 'ಎಕ್ಸ್' ಬಿಲ್ಲೆ. ಸುದ್ದಿ ಎಷ್ಟು ಹಳೆಯದು, ಯಾವ ಕಡೆ ಬದಲಾಗುತ್ತಿದೆ, ಯಾವುದು ಇನ್ನೂ ಖಚಿತವಿಲ್ಲ ಎನ್ನುವುದನ್ನು ಮರದ ಬಿಲ್ಲೆಗಳಿಂದಲೇ ತೋರಿಸಿದ್ದರು. ಯಂತ್ರ ಬೆಳೆದಂತೆ ಮಾಹಿತಿ ಹೆಚ್ಚಿತು, ಈ ಮೂರು ಮಾತ್ರ ಚಿಕ್ಕ ಪರದೆಯ ಮೂಲೆಗೆ ಸರಿದವು.

ನಾವು ಬರೆಯುವ ಡ್ಯಾಶ್‌ಬೋರ್ಡ್‌ಗಳಿಂದ ಯಾರ ಮೇಲೂ ಕ್ಷಿಪಣಿ ಹಾರುವುದಿಲ್ಲ, ಸರಿ. ಆದರೆ ಆಸ್ಪತ್ರೆಯ ಐಸಿಯು, ವಿದ್ಯುತ್ ಜಾಲದ ನಿಯಂತ್ರಣ ಕೊಠಡಿ, ಪ್ರವಾಹದ ದಿನ ಅಣೆಕಟ್ಟಿನ ನೀರಿನ ಮಟ್ಟ ನೋಡುತ್ತಾ ಕೂತ ಇಂಜಿನಿಯರ್, ಇವರ ಮುಂದೆಲ್ಲ ನಮ್ಮಂಥವರು ಬರೆದ ಪರದೆಗಳೇ ಇವೆ. ನಿಮ್ಮ ಕೆಲಸದಲ್ಲಿ ಅಂಥದ್ದೊಂದು ಪರದೆ ಇದ್ದರೆ ನಾಳೆ ಒಮ್ಮೆ ನೋಡಿ. ಅದರ ಮೇಲಿನ ಹಸಿರು ಚುಕ್ಕೆ ಎಷ್ಟು ಹೊತ್ತಿನ ಹಿಂದಿನದು ಅಂತ ಅದರಲ್ಲೇ ಗೊತ್ತಾಗುತ್ತದಾ? ಗೊತ್ತಾದರೆ ಅದನ್ನು ಬರೆದವರ ಬೆನ್ನು ತಟ್ಟಿ. ಇಲ್ಲವಾದರೆ ಅವರಿಗೆ ಆ ಗಡಿಯಾರದ ಕಥೆ ಹೇಳಿ.