ಕಾಯಿಲೆ ಎನ್ನಲು ಯಾರಿಗೆ ಪುರುಸೊತ್ತು?



“ಹೇಗಿದ್ದೀರಿ?” ಎಂದು ದಾರಿಯಲ್ಲಿ ಸಿಕ್ಕವರು ಕೇಳಿದರೆ “ಚೆನ್ನಾಗಿದ್ದೇನೆ” ಎನ್ನುತ್ತೀರಿ. ಅದು ಲೋಕರೂಢಿ, ಅದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಅದೇ ಪ್ರಶ್ನೆಯನ್ನು ಸಮೀಕ್ಷೆಯವರು ಮನೆಬಾಗಿಲಿಗೆ ಬಂದು ಕೇಳಿದಾಗ ನಿಮ್ಮ ಉತ್ತರ ಒಂದು ಅಂಕಿಯಾಗುತ್ತದೆ. ಅಂಥ ಅಂಕಿಗಳನ್ನು ಕೂಡಿಸಿ, ಯಾವ ಊರಿನಲ್ಲಿ ಕಾಯಿಲೆ ಹೆಚ್ಚು, ಯಾರಿಗೆ ಚಿಕಿತ್ಸೆಯ ಅಗತ್ಯ ಹೆಚ್ಚು ಎಂದು ಲೆಕ್ಕ ಹಾಕುತ್ತಾರೆ. ಹಾಗಾದರೆ ಆ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದು?

ನಾನು ಓದಿದ್ದು ವಿಜ್ಞಾನ. ವರ್ನಿಯರ್ ಕ್ಯಾಲಿಪರ್ಸ್ ಕೈಗೆ ಕೊಟ್ಟ ದಿನವೇ ನಮ್ಮ ಮೇಷ್ಟರು, “ಮೊದಲು ಶೂನ್ಯ ದೋಷ ನೋಡಿಕೊಳ್ಳಿ” ಎಂದಿದ್ದರು. ಅಳೆಯುವ ಸಾಧನದಲ್ಲೇ ತಪ್ಪಿದ್ದರೆ ಅಳತೆಯನ್ನು ಎಷ್ಟು ಸಲ ತೆಗೆದರೂ ತಪ್ಪೇ. ಆ ಪಾಠವನ್ನು ನಾನು ಒಮ್ಮೆ ಮರೆತೆ. ಅದನ್ನು ನಿಮಗೆ ಹೇಳಲೇಬೇಕು.

ಹಲವು ವರ್ಷಗಳ ಹಿಂದೆ ಗ್ರಾಮೀಣ ಆರೋಗ್ಯ ಕುರಿತ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆ ಹಳ್ಳಿಯೊಂದಕ್ಕೆ ಹೋಗಿದ್ದೆವು. ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸೊಬ್ಬರನ್ನು, “ನಿಮ್ಮ ಆರೋಗ್ಯ ಹೇಗಿದೆ ಅಮ್ಮ?” ಎಂದು ಕೇಳಿದೆ. ಅವರು ನಕ್ಕು, “ನಂಗೇನಾಗದೆ ಸ್ವಾಮಿ, ಗುಂಡುಕಲ್ಲು ಇದ್ದಂಗಿವ್ನಿ” ಎಂದರು. ಸಂಜೆ ಆರೋಗ್ಯ ಸಹಾಯಕಿಯೊಬ್ಬರು ಊರಿನ ಹೆಂಗಸರ ಬೆರಳು ಚುಚ್ಚಿ ರಕ್ತ ಪರೀಕ್ಷೆ ಮಾಡಿದರು. ಈ ತಾಯಿಯ ಹಿಮೋಗ್ಲೋಬಿನ್ 8 ಗ್ರಾಂ ಸಹ ಇರಲಿಲ್ಲ. ಗರ್ಭಿಣಿಯಲ್ಲದ ಹೆಂಗಸಿಗೆ ಕನಿಷ್ಠ 12 ಗ್ರಾಂ ಇರಬೇಕು. “ಸುಸ್ತಾಗೋದಿಲ್ವೇನಮ್ಮ?” ಎಂದು ಸಹಾಯಕಿ ಕೇಳಿದಾಗ ಬಂದ ಉತ್ತರ: “ಸುಸ್ತು ಯಾರ್ಗಿಲ್ಲ ಹೇಳವ್ವ? ಅದೂ ಒಂದು ಕಾಯ್ಲೆಯಾ? ಮನೀಕಂಡ್ರೆ ಕೂಲಿ ಯಾರು ಕೊಟ್ಟಾರು?”

ಆಗ ಕ್ಯಾಮೆರಾ ನಿಂತಿತ್ತು. ಪ್ರಸಾರವಾದದ್ದು ಗುಂಡುಕಲ್ಲಿನ ಮಾತು ಮಾತ್ರ. ‘ದುಡಿಯುವ ಮೈಗೆ ಕಾಯಿಲೆ ಇಲ್ಲ’ ಎಂಬ ವ್ಯಾಖ್ಯಾನವನ್ನು ನಾನೇ ಬರೆದು ಅದರ ಮುಂದೆ ಸೇರಿಸಿದ್ದೆ. ಫಲಿತಾಂಶ ಗೊತ್ತಿದ್ದೂ ಸೇರಿಸಿದ್ದೆ, ಮಾತು ಚೆನ್ನಾಗಿತ್ತಲ್ಲ! ಆಮೇಲೆ ಚರಿತ್ರೆಯನ್ನು ಓದಿದಾಗ ತಿಳಿಯಿತು: ಈ ತಪ್ಪನ್ನು ನನಗಿಂತ ದೊಡ್ಡವರೂ ಮಾಡಿದ್ದಾರೆ.

ಇಂಗ್ಲೆಂಡಿನ ಕಥೆ

1911ರಲ್ಲಿ ಬ್ರಿಟನ್ ರಾಷ್ಟ್ರೀಯ ವಿಮಾ ಕಾಯಿದೆಯನ್ನು ತಂದಿತು. ಕೂಲಿಕಾರರು ವಾರವಾರ ಚಂದಾ ಕಟ್ಟಬೇಕು. ಕಾಯಿಲೆ ಬಿದ್ದರೆ ಗಂಡಸಿಗೆ ವಾರಕ್ಕೆ 10 ಷಿಲಿಂಗ್, ಹೆಂಗಸಿಗೆ ಏಳೂವರೆ ಷಿಲಿಂಗ್ ಭತ್ಯೆ. 1913ರ ಜನವರಿಯಲ್ಲಿ ಭತ್ಯೆ ಕೊಡಲು ಆರಂಭಿಸಿದಾಗ ಅಧಿಕಾರಿಗಳಿಗೆ ಆಶ್ಚರ್ಯ ಕಾದಿತ್ತು. ದುಡಿಯುವ ಹೆಂಗಸರಿಂದ, ಅದರಲ್ಲೂ ವಿವಾಹಿತೆಯರಿಂದ, ಅಂದಾಜಿಗೆ ಮೀರಿ ಅರ್ಜಿಗಳು ಬಂದವು. ಸುಳ್ಳು ಕಾಯಿಲೆಯೇ ಎಂಬ ಅನುಮಾನ ಹುಟ್ಟಿತು. ವಿಚಾರಣೆಗೆ ಸರ್ಕಾರ ಸಮಿತಿಯನ್ನೇ ನೇಮಿಸಿತು. ಆ ಸಮಿತಿಯ ಸದಸ್ಯೆಯಾಗಿದ್ದ ಕಾರ್ಮಿಕ ನಾಯಕಿ ಮೇರಿ ಮೆಕಾರ್ಥರ್, ಇದು ಮೋಸವಲ್ಲ, ಬಡತನ ಮತ್ತು ಅರೆಹೊಟ್ಟೆಯ ದುಡಿತದ ಫಲ ಎಂದು ವಾದಿಸಿದರು. ಕಾಯಿಲೆ ಮೊದಲೂ ಇತ್ತು. ಮಲಗಿದರೆ ಮನೆ ನಡೆಯುವಂತಿರಲಿಲ್ಲವಾದ್ದರಿಂದ ಅದಕ್ಕೆ ಕಾಯಿಲೆಯೆಂಬ ಹೆಸರಿರಲಿಲ್ಲ, ಅಷ್ಟೆ.

ಇದೇ ಕಥೆ 1948ರಲ್ಲಿ ಮರುಕಳಿಸಿತು. ಆ ವರ್ಷದ ಜುಲೈ 5ರಂದು ಅಲ್ಲಿ ಉಚಿತ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಅಲ್ಲಿಯವರೆಗೆ ಎಷ್ಟೋ ಬಡವರು ಅಂಗಡಿಯಲ್ಲಿ ಒಂದೊಂದೇ ಕನ್ನಡಕವನ್ನು ಮೂಗಿಗೇರಿಸಿ, ತಕ್ಕಮಟ್ಟಿಗೆ ಕಂಡದ್ದನ್ನು ಕೊಳ್ಳುತ್ತಿದ್ದರು. ಸೇವೆ ಬಂದ ಮೇಲೆ ಕನ್ನಡಕಕ್ಕೆ, ಕಟ್ಟುಹಲ್ಲಿಗೆ ಜನ ಲಕ್ಷಗಟ್ಟಲೆಯಲ್ಲಿ ಸಾಲುಗಟ್ಟಿದರು. ಖರ್ಚು ಎಷ್ಟು ಏರಿತೆಂದರೆ 1951ರಲ್ಲಿ ಅವೆರಡಕ್ಕೂ ಶುಲ್ಕ ವಿಧಿಸುವ ತೀರ್ಮಾನವಾಯಿತು. ಯೋಜನೆಯ ಶಿಲ್ಪಿ ಅನ್ಯೂರಿನ್ ಬೆವನ್ ಮಂತ್ರಿ ಪದವಿಗೇ ರಾಜೀನಾಮೆ ಕೊಟ್ಟರು. ಯೋಚಿಸಿ: ಆ ಜನರ ಕಣ್ಣು ಜುಲೈ 5ರಂದೇ ಮಂಜಾಯಿತೇ?

ಬೆನ್ನುನೋವು ಯಾರಿಗೆ ಕಾಯಿಲೆ?

ಇಂಥ ವಿಷಯವನ್ನು ನೇರವಾಗಿ ಕೇಳಿ ನೋಡಿದವರು ಅಮೆರಿಕದ ಸಮಾಜವಿಜ್ಞಾನಿ ಅರ್ಲ್ ಕೂಸ್. ನ್ಯೂಯಾರ್ಕ್ ರಾಜ್ಯದ ಸಣ್ಣ ಪಟ್ಟಣವೊಂದಕ್ಕೆ ‘ರೀಜನ್‌ವಿಲ್’ ಎಂಬ ಮರೆಹೆಸರಿಟ್ಟು, 1954ರಲ್ಲಿ ಅವರು ಪುಸ್ತಕ ಪ್ರಕಟಿಸಿದರು. ಅಲ್ಲಿನ ಕುಟುಂಬಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿ, ಯಾವ ಯಾವ ಲಕ್ಷಣ ಕಂಡರೆ ವೈದ್ಯರ ಬಳಿ ಹೋಗಬೇಕು ಎಂದು ಕೇಳಿದ್ದರು. ಬಿಡದ ಬೆನ್ನುನೋವಿಗೆ ವೈದ್ಯರು ಬೇಕು ಎಂದವರು ಮೇಲಿನ ವರ್ಗದಲ್ಲಿ ಅರ್ಧಕ್ಕಿಂತ ಹೆಚ್ಚು. ಕೆಳಗಿನ ವರ್ಗದಲ್ಲಿ ಸುಮಾರು ಐದರಲ್ಲಿ ಒಬ್ಬರು. ಬೆನ್ನು ಬಗ್ಗಿಸಿ ದುಡಿಯುವವರಿಗೆ ಬೆನ್ನುನೋವು ಬದುಕಿನ ಭಾಗ. ಕುರ್ಚಿಯಲ್ಲಿ ಕೂರುವವರಿಗೆ ಅದು ಕಾಯಿಲೆ.

ವರ್ಗವೆಂದರೆ ಬರೀ ಹಣವಲ್ಲ, ಮನೆಯೊಳಗಿನ ಸ್ಥಾನವೂ ಹೌದು. ಇದಕ್ಕೆ ನಮ್ಮ ದೇಶದ್ದೇ ಸಾಕ್ಷ್ಯವಿದೆ. 1943ರ ಬಂಗಾಳದ ಕ್ಷಾಮದಲ್ಲಿ 20ರಿಂದ 30 ಲಕ್ಷ ಜನ ಸತ್ತರೆಂದು ಅಂದಾಜು. ಮರುವರ್ಷ, 1944ರಲ್ಲಿ, ಕಲ್ಕತ್ತೆಯ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ ಸಮೀಪದ ಸಿಂಗೂರಿನಲ್ಲಿ ಸಮೀಕ್ಷೆ ನಡೆಸಿತು. ಹೆಂಡತಿಯನ್ನು ಕಳೆದುಕೊಂಡ ಗಂಡಸರಲ್ಲಿ ಶೇಕಡ 48.5ರಷ್ಟು ಮಂದಿ ತಮಗೆ ಕಾಯಿಲೆ ಇದೆ ಅಥವಾ ಆರೋಗ್ಯ ಅಷ್ಟಕ್ಕಷ್ಟೆ ಎಂದರು. ಗಂಡನನ್ನು ಕಳೆದುಕೊಂಡ ಹೆಂಗಸರಲ್ಲಿ ಹಾಗೆಂದವರು ಶೇಕಡ 2.5 ಮಾತ್ರ. ಆ ಕಾಲದ ಬಂಗಾಳದ ವಿಧವೆಗಿಂತ ಸುಖಿ ಬೇರೆ ಯಾರೂ ಇರಲಿಲ್ಲ ಎಂದು ಇದರಿಂದ ತೀರ್ಮಾನಿಸಲಾದೀತೆ? ಈ ಅಂಕಿಯನ್ನು ಮತ್ತೆ ಮತ್ತೆ ಜಗತ್ತಿನ ಗಮನಕ್ಕೆ ತಂದವರು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೆನ್. ತನ್ನ ಮೈಯನ್ನು ಗಮನಿಸಿಕೊಳ್ಳುವುದಕ್ಕೂ ಒಂದು ಹಕ್ಕು ಬೇಕು. ಆ ಹಕ್ಕು ತನಗಿದೆ ಎಂದು ಅನಿಸದವರಿಗೆ ನೋವೂ ಲೆಕ್ಕಕ್ಕೆ ಬಾರದು.

ಅದೇ ಸೆನ್ ಕೇರಳ ಮತ್ತು ಬಿಹಾರಗಳನ್ನೂ ಹೋಲಿಸಿದರು. 2014ರ ಸಾಲಿನ ಅಂಕಿಗಳಲ್ಲೂ ಅದು ಕಾಣುತ್ತದೆ. ಆ ವರ್ಷದ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ, ಹಿಂದಿನ 15 ದಿನಗಳಲ್ಲಿ ಕಾಯಿಲೆ ಇತ್ತು ಎಂದವರು ಕೇರಳದಲ್ಲಿ ಸುಮಾರು ಶೇಕಡ 30. ಬಿಹಾರದಲ್ಲಿ ಅದಕ್ಕಿಂತ ಬಹಳ ಕಡಿಮೆ. ಆದರೆ ಅದೇ ವರ್ಷ ಹುಟ್ಟಿದ ಪ್ರತಿ 1000 ಶಿಶುಗಳಲ್ಲಿ ವರ್ಷ ತುಂಬುವ ಮೊದಲೇ ಸತ್ತವು ಕೇರಳದಲ್ಲಿ 12, ಬಿಹಾರದಲ್ಲಿ 42. ಕೇರಳದಲ್ಲಿ ವೃದ್ಧರು ಹೆಚ್ಚು ಎಂಬುದೂ ಒಂದು ಕಾರಣ, ನಿಜ. ಆದರೆ ಓದುಬರಹ ಬಲ್ಲ, ಹತ್ತಿರದಲ್ಲೇ ಆಸ್ಪತ್ರೆ ಇರುವ ಜನ ತಮ್ಮ ಕಾಯಿಲೆಯನ್ನು ಬೇಗ ಗುರುತಿಸುತ್ತಾರೆ ಎಂಬುದು ಇನ್ನೊಂದು ಕಾರಣ.

ಹಾಗಾದರೆ ಬಡವರ ಮಾತನ್ನು ನಂಬಬಾರದೇ?

ಇಲ್ಲಿ ಸ್ವಲ್ಪ ಎಚ್ಚರ ಬೇಕು. 1967ರಲ್ಲಿ ಲಂಡನ್ನಿನ ಸುಮಾರು 18,000 ಸರ್ಕಾರಿ ನೌಕರರನ್ನು ಕುರಿತ ‘ವೈಟ್‌ಹಾಲ್’ ಅಧ್ಯಯನ ಆರಂಭವಾಯಿತು. ಅವರಲ್ಲಿ ಹಸಿದವರು ಯಾರೂ ಇರಲಿಲ್ಲ. ಆದರೂ ಹೃದ್ರೋಗದಿಂದ ಸಾಯುವ ಪ್ರಮಾಣ ಮೇಲಧಿಕಾರಿಗಳಿಗಿಂತ ಕೆಳದರ್ಜೆಯ ನೌಕರರಲ್ಲಿ ಮೂರು ಪಟ್ಟಿಗೂ ಹೆಚ್ಚಿತ್ತು. 1985ರಲ್ಲಿ ಶುರುವಾದ ಎರಡನೆಯ ಅಧ್ಯಯನದಲ್ಲಿ 10,308 ಮಂದಿಗೆ ‘ನಿಮ್ಮ ಆರೋಗ್ಯ ಹೇಗಿದೆ?’ ಎಂದೂ ಕೇಳಲಾಯಿತು. ದರ್ಜೆ ಇಳಿದಂತೆ ‘ಚೆನ್ನಾಗಿಲ್ಲ’ ಎಂಬ ಉತ್ತರ ಹೆಚ್ಚಿತು. ಇಲ್ಲಿ ಮೈಯೂ ಮಾತೂ ಒಂದನ್ನೇ ಹೇಳಿದವು. ಸಂಬಳ ಸಹಿತ ರಜೆ, ಉಚಿತ ಚಿಕಿತ್ಸೆ ಎರಡೂ ಇದ್ದವರಿಗೆ ಇದ್ದದ್ದನ್ನು ಇದ್ದಂತೆ ಹೇಳಲು ಅಡ್ಡಿಯಿರಲಿಲ್ಲ ಎಂದು ನನಗನಿಸುತ್ತದೆ.

ಅಷ್ಟೇ ಅಲ್ಲ, 1997ರಲ್ಲಿ 27 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ತಮ್ಮ ಆರೋಗ್ಯ ಚೆನ್ನಾಗಿಲ್ಲ ಎಂದವರು ಮುಂದಿನ ವರ್ಷಗಳಲ್ಲಿ ಸಾಯುವ ಸಂಭವ ಹೆಚ್ಚು ಎಂದು ತಿಳಿಯಿತು. ಎಂದರೆ, ‘ನನಗೆ ಹುಷಾರಿಲ್ಲ’ ಎಂಬ ಮಾತನ್ನು ಎಂದೂ ತಳ್ಳಿಹಾಕಬೇಡಿ. ಸಂದೇಹಪಡಬೇಕಾದ್ದು ‘ನನಗೇನೂ ಆಗಿಲ್ಲ’ ಎಂಬ ಮಾತನ್ನು. ಅದರಲ್ಲೂ ಹಾಗೆ ಹೇಳುವವರಿಗೆ ಮಲಗಲು ಪುರುಸೊತ್ತೇ ಇಲ್ಲದಿದ್ದಾಗ. ನಮ್ಮ ಸಾಧನದ ಶೂನ್ಯ ದೋಷ ಇರುವುದು ಅಲ್ಲಿ. ಅದು ಎಲ್ಲರಲ್ಲೂ ಒಂದೇ ಸಮನಾಗಿಲ್ಲ. ಬಡತನ ಹೆಚ್ಚಿದಷ್ಟೂ, ರಜೆಯ ಕೂಲಿ ಇಲ್ಲದಷ್ಟೂ, ಮನೆಯಲ್ಲಿ ಸ್ಥಾನ ಕೆಳಗಾದಷ್ಟೂ ಅದು ದೊಡ್ಡದು.

ಈ ದೋಷವನ್ನು ತಿದ್ದುವುದು ಹೇಗೆ? ಮಾತಿನ ಜೊತೆಗೆ ಮೈಯನ್ನೂ ಪರೀಕ್ಷಿಸಬೇಕು. 1998–99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹಾಗೆ ಬೆರಳಿನ ರಕ್ತ ತೆಗೆದು ನೋಡಿದಾಗ, ದೇಶದ ಹೆಂಗಸರಲ್ಲಿ ಶೇಕಡ 52ರಷ್ಟು ಮಂದಿಗೆ ರಕ್ತಹೀನತೆ ಇತ್ತು. 2019–21ರ ಸಮೀಕ್ಷೆಯಲ್ಲಿ ಅದು ಶೇಕಡ 57. ಇವರಲ್ಲಿ ಎಷ್ಟು ಜನ ಅದನ್ನು ಕಾಯಿಲೆ ಎಂದುಕೊಂಡಿದ್ದಾರು?

ಇನ್ನೊಂದು ದಾರಿ ನಿಮ್ಮ ಕೈಯಲ್ಲೇ ಇದೆ. ಇಂದು ಸಂಜೆ ಮನೆಯಲ್ಲಿ ಅಮ್ಮನನ್ನೋ ಅಜ್ಜಿಯನ್ನೋ, ಇಲ್ಲವೆ ನಿಮ್ಮ ಬೀದಿ ಗುಡಿಸುವವರನ್ನೋ “ಹೇಗಿದ್ದೀರಿ?” ಎಂದು ಕೇಳಿ. “ಚೆನ್ನಾಗಿದ್ದೀನಿ” ಎನ್ನುತ್ತಾರೆ. ಅಲ್ಲಿಗೇ ಬಿಡಬೇಡಿ. “ಇವತ್ತು ಕೆಲಸದ ನಡುವೆ ಎಷ್ಟು ಸಲ ಕೂತು ಸುಧಾರಿಸಿಕೊಂಡಿರಿ? ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆಯೇ?” ಎಂದು ಕೇಳಿ. ಎರಡು ಉತ್ತರಗಳನ್ನೂ ಪಕ್ಕಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ಆ ಗದ್ದೆಯ ಬದುವಿನ ಮೇಲೆ ನಿಂತು ನಾನು ಕೇಳಿದ್ದು ಮೊದಲನೆಯ ಪ್ರಶ್ನೆಯನ್ನು ಮಾತ್ರ.