ವರುಣನ ಪಾಶವೂ ಹರಿಶ್ಚಂದ್ರನ ಸತ್ಯವೂ

ಮಳೆಯು ತಡೆದಾಗ ವರುಣಜಪವನ್ನು ಮಾಡಿಸುವ ರೂಢಿಯು ಕನ್ನಡ ನಾಡಿನಲ್ಲಿ ಇಂದಿಗೂ ಉಂಟು. ಜಲದೊಡನೆ ವರುಣನ ಸಂಬಂಧವು ಋಗ್ವೇದದಷ್ಟೇ ಹಳೆಯದು. ಆದರೆ ಆತನ ಮೊದಲಿನ ಹಿರಿಮೆಯು ಮಳೆಯಿಂದ ಬಂದುದಲ್ಲ. ಮನುಷ್ಯನು ಕೊಟ್ಟ ಮಾತಿಗೆ ಒಡೆಯನಾಗಿದ್ದುದರಿಂದ ಬಂದುದು.

ಇದಕ್ಕೆ ಸಾಕ್ಷ್ಯವು ಭರತಖಂಡದ ಹೊರಗೂ ದೊರೆತಿದೆ. ತುರ್ಕಿ ದೇಶದ ಬೊಘಜ್‌ಕೋಯಿಯಲ್ಲಿ 1906ರಲ್ಲಿ ಆರಂಭವಾದ ಉತ್ಖನನದಲ್ಲಿ, ಹಿಟ್ಟೈಟ್ ಅರಸನೂ ಮಿತನ್ನಿಯ ಅರಸನೂ ಕ್ರಿ. ಪೂ. 14ನೆಯ ಶತಮಾನದಲ್ಲಿ ಮಾಡಿಕೊಂಡ ಒಡಂಬಡಿಕೆಯ ಮಣ್ಣಿನ ಫಲಕಗಳು ಸಿಕ್ಕಿದವು. ಅದರ ಸಾಕ್ಷಿದೇವತೆಗಳ ಸಾಲಿನಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರ ಹೆಸರುಗಳಿವೆ. ಆಣೆಯನ್ನು ಕಾಯುವುದಕ್ಕೆ ವರುಣನನ್ನು ಕರೆದುದು ಆಕಸ್ಮಿಕವಲ್ಲ. ಋಗ್ವೇದದ ಏಳನೆಯ ಮಂಡಲದಲ್ಲಿ ವಸಿಷ್ಠನು ತನ್ನ ತಪ್ಪು ಯಾವುದೆಂದು ಆತನನ್ನೇ ಕೇಳಿ ಮೊರೆಯಿಡುತ್ತಾನೆ. ಅಲ್ಲಿ ವರುಣನು ಋತದ, ಎಂದರೆ ಜಗತ್ತನ್ನು ಧರಿಸಿದ ನಿಯಮದ ಪಾಲಕ. ಅನೃತವಾಡಿದವನಿಗೆ ಆತನ ಪಾಶವು ತಪ್ಪದು.

ಈ ನಂಬಿಕೆಯ ಪರಿಣಾಮವನ್ನು ಐತರೇಯ ಬ್ರಾಹ್ಮಣದ ಶುನಃಶೇಪಾಖ್ಯಾನದಲ್ಲಿ ಸ್ಪಷ್ಟವಾಗಿ ಕಾಣಬಹುದು. ಮಕ್ಕಳಿಲ್ಲದ ಹರಿಶ್ಚಂದ್ರನು, ಮಗನಾದರೆ ಅವನನ್ನೇ ಬಲಿಗೊಡುವೆನೆಂದು ವರುಣನಿಗೆ ಹರಸಿಕೊಂಡನು. ರೋಹಿತನು ಹುಟ್ಟಿದನು, ವರುಣನು ಬಂದು ಕೇಳಿದನು. ಹತ್ತು ದಿನ ಕಳೆಯಲಿ, ಹಲ್ಲು ಬರಲಿ, ಹಲ್ಲು ಬೀಳಲಿ, ಮತ್ತೆ ಹುಟ್ಟಲಿ, ಕವಚ ತೊಡುವಂತಾಗಲಿ ಎಂದು ಅರಸನು ವಾಯಿದೆ ಹೇಳುತ್ತಲೇ ಹೋದನು. ಕಡೆಗೆ ಮಗನು ಕಾಡಿಗೆ ಓಡಿದನು. ತಂದೆಗೆ ಹೊಟ್ಟೆ ಊದಿತು. ಮಗನನ್ನು ಕೊಲ್ಲಲೊಲ್ಲದ ತಂದೆಯನ್ನು ಯಾರು ತಾನೇ ದೂಷಿಸಿಯಾರು? ಆದರೆ ಆ ಮಗನು ನೂರು ಗೋವುಗಳಿಗೆ ಅಜೀಗರ್ತನ ಮಗ ಶುನಃಶೇಪನನ್ನು ಕೊಂಡು ತಂದಾಗ, ಅವನನ್ನು ಬಲಿಗೆ ಒಪ್ಪಿಕೊಂಡವನಿಗೆ ಆ ಕ್ಷಮೆಯು ಸಲ್ಲದು. ಯೂಪಕ್ಕೆ ಕಟ್ಟಿದ ಹುಡುಗನು ದೇವತೆಗಳನ್ನು ಒಬ್ಬೊಬ್ಬರನ್ನಾಗಿ ಸ್ತುತಿಸಿ, ಕೊನೆಗೆ ಉಷಸ್ಸನ್ನು ಸ್ತುತಿಸುತ್ತಿರಲು, ಋಕ್ಕು ಋಕ್ಕಿಗೂ ಅವನ ಕಟ್ಟು ಸಡಿಲಿತು, ಅರಸನ ಹೊಟ್ಟೆ ಇಳಿಯಿತು. ಹೋತೃವಾಗಿದ್ದ ವಿಶ್ವಾಮಿತ್ರನು ಹುಡುಗನನ್ನು ತನ್ನ ಮಗನೆಂದು ಸ್ವೀಕರಿಸಿದನು. ರಾಜಸೂಯದಲ್ಲಿ ಅಭಿಷಿಕ್ತನಾದ ಅರಸನಿಗೆ ಈ ಕಥೆಯನ್ನು ಕೇಳಿಸಬೇಕೆಂಬ ವಿಧಿಯುಂಟು. ಮಾತು ತಪ್ಪಿದರೆ ಅರಸನೂ ಕಟ್ಟಿಗೆ ಒಳಗಾಗುವನೆಂಬುದನ್ನು ಕೇಳಿಸಲು ಅದಕ್ಕಿಂತ ತಕ್ಕ ಸಮಯವಾವುದು?

ಇದೇ ಹರಿಶ್ಚಂದ್ರನು ಮಾರ್ಕಂಡೇಯ ಪುರಾಣಕ್ಕೆ ಬರುವಷ್ಟರಲ್ಲಿ ಸತ್ಯದ ಮೂರ್ತಿಯಾಗಿದ್ದಾನೆ. ಅಲ್ಲಿ ಸಾಲವನ್ನು ಬೇಡುವವನು ವರುಣನಲ್ಲ, ಹಿಂದೆ ಹೋತೃವಾಗಿದ್ದ ವಿಶ್ವಾಮಿತ್ರನೇ. 13ನೆಯ ಶತಮಾನದಲ್ಲಿ ಹಂಪೆಯ ರಾಘವಾಂಕನು ಕನ್ನಡಿಗರಿಗೆ ಕೊಟ್ಟುದೂ ಈ ಸತ್ಯಸಂಧನನ್ನೇ. ಭಾಗವತವು ಮಾತ್ರ ಹಳೆಯ ವರುಣಕಥೆಯನ್ನು ಉಳಿಸಿಕೊಂಡಿದೆ. ದೇವತೆಯು ಹಿಂದೆ ಸರಿದನು. ಆತನು ಹೊರಗಿನಿಂದ ಬಿಗಿಯುತ್ತಿದ್ದ ಕಟ್ಟನ್ನು ಈಗ ಅರಸನು ತಾನಾಗಿಯೇ ಹೊರುತ್ತಾನೆ. ವರುಣನನ್ನು ಬರಿಯ ಮಳೆಯ ದೇವರೆಂದು ತಿಳಿದವರಿಗೆ ಹರಿಶ್ಚಂದ್ರನ ಸತ್ಯವು ಎಲ್ಲಿಂದ ಬಂದಿತೆಂಬುದು ತೋರದು.

ಕನ್ನಡ ನಾಡಿನ ಹಳೆಯ ಗುಡಿಗಳ ಭುವನೇಶ್ವರಿಯಲ್ಲಿ ಅಷ್ಟದಿಕ್ಪಾಲಕರ ನಡುವೆ ವರುಣನು ಪಶ್ಚಿಮಕ್ಕೆ ಮಕರವನ್ನೇರಿ ಕುಳಿತಿರುತ್ತಾನೆ. ಎಂಟರಲ್ಲಿ ಒಂದು ದಿಕ್ಕು ಮಾತ್ರ ಈಗ ಆತನ ಪಾಲಿನದು; ಆದರೂ ಶಿಲ್ಪಿಯು ಆತನ ಕೈಯಲ್ಲಿ ಪಾಶವನ್ನು ಕೊಡುವುದನ್ನು ಮರೆತಿಲ್ಲ.