ಟೈರಿನ ಗೆರೆಗೂ ಒಂದು ಚರಿತ್ರೆ



ಹದಿನೈದು ವರ್ಷ ತುಂಬಿದ ನಮ್ಮ ಕಾರನ್ನು ನೋಂದಣಿ ನವೀಕರಣದ ತಪಾಸಣೆಗೆ ಒಯ್ಯಬೇಕಾಗಿತ್ತು. ಬೀದರಿನಲ್ಲಿ ಇದಕ್ಕೆ 'ಪಾಸಿಂಗ್' ಎನ್ನುತ್ತಾರೆ. ಹಿಂದಿನ ದಿನ ಟೈರುಗಳನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಹೊರಗಿನಿಂದ ಚೆನ್ನಾಗಿ ಕಾಣುತ್ತಿದ್ದ ಮುಂದಿನ ಟೈರಿನ ಒಳ ಅಂಚು ಬೋಳಾಗಿತ್ತು. ಅಲೈನ್‌ಮೆಂಟ್ ತಪ್ಪಿದರೆ ಹೀಗಾಗುವುದುಂಟು. ಮಳೆಗಾಲವೆಲ್ಲ ಮೊಮ್ಮಕ್ಕಳನ್ನು ಕೂರಿಸಿಕೊಂಡು ಔರಾದಿಗೆ ಹೋಗಿ ಬಂದದ್ದು ಇದೇ ಟೈರಿನ ಮೇಲೆ ಎಂದು ನೆನೆದು ಎದೆ ನಡುಗಿತು.

ಗಾಳಿ ತುಂಬಿದ ಟೈರಿಗೆ ಡನ್ಲಪ್ ಪೇಟೆಂಟ್ ಪಡೆದದ್ದು 1888ರಲ್ಲಿ. ಆಗ ನಮ್ಮ ಜಿಲ್ಲೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿ 1932ರಲ್ಲಿ ನಿಜಾಮರ ರೈಲ್ವೆಯೇ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆಯನ್ನು ಆರಂಭಿಸಿತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಭಾಲ್ಕಿಗೆ ರೈಲುಂಟು, ಔರಾದಿನವರಿಗೆ ರಸ್ತೆಯೇ ಆಧಾರ. ವಾಹನಗಳು ಹೆಚ್ಚಿದಂತೆ ಕಾನೂನೂ ಬೆಳೆಯಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 94ನೆಯದು ಟೈರುಗಳ ಸ್ಥಿತಿಗೆ ಸಂಬಂಧಿಸಿದ್ದು. ಅದರಂತೆ ಕಾರಿನ ಟೈರಿನ ಗೆರೆ ಕನಿಷ್ಠ 1.6 ಮಿ.ಮೀ. ಆಳವಿರಬೇಕು.

ಈ ಗೆರೆಗಳು ಟೈರಿನ ಅಡಿಯ ನೀರನ್ನು ಹೊರಹಾಕುತ್ತವೆ. ಅವು ಸವೆದರೆ ಗಾಡಿ ನೀರಿನ ಮೇಲೆ ತೇಲಿದಂತಾಗಿ ಬ್ರೇಕು ಹಿಡಿಯದು. ಗೆರೆಗಳ ತಳದಲ್ಲಿ ಅಡ್ಡಲಾಗಿ ರಬ್ಬರಿನ ಸಣ್ಣ ದಿಂಡುಗಳಿರುತ್ತವೆ. ಟೈರು ಸವೆದು ಅವುಗಳ ಮಟ್ಟಕ್ಕೆ ಇಳಿದರೆ ಬದಲಿಸಲೇಬೇಕು. ಒಳ ಅಂಚು, ನಡು, ಹೊರ ಅಂಚು, ಮೂರನ್ನೂ ನೋಡಿರಿ.

ನಾನು ಟೈರು ಬದಲಿಸಿದ ಮೇಲೆಯೇ ತಪಾಸಣೆಗೆ ಹೋದೆ. ಕಾರಿನ ಪಾಸಿಂಗ್ ಇನ್ನು ಐದು ವರ್ಷಕ್ಕೊಮ್ಮೆ. ಮಳೆಯಾದರೋ ಪ್ರತಿವರ್ಷವೂ ಬರುತ್ತದೆ. ಮೃಗಶಿರ ಮಳೆಗೆ ಮುನ್ನ ನೀವೂ ಒಮ್ಮೆ ಬಗ್ಗಿ ನೋಡಿರೆಂದು ನಿಮ್ಮ ಮೇಷ್ಟ್ರ ವಿನಂತಿ.